ದ್ರಾವಕ ಕೆಟ್ಟಿದ್ದು ಯಾರಿಗೆ: ಸರಪಳಿಗೋ, ಅಯಾನಿಗೋ?

ಸರಪಳಿ_ಸಂಶಯ
ಸೋಡಿಯಂ ಪಾಲಿಅಕ್ರಿಲೇಟ್‌ನ (ಉದ್ದಕ್ಕೂ ಋಣ ಆವೇಶ ಹೊತ್ತ ಪಾಲಿಮರ್ ಸರಪಳಿ, ಜೊತೆಗೆ ಸೋಡಿಯಂ ಅಯಾನುಗಳು) ನೀರಿನ ದ್ರಾವಣ. ಲೀಟರಿಗೆ 1 ಗ್ರಾಂ, ಬೇರೆ ಉಪ್ಪು ಹಾಕಿಲ್ಲ. ಎಥನಾಲ್ ಸೇರಿಸ್ತಾ ಹೋದರೆ ಸ್ನಿಗ್ಧತೆ ಇಳಿಯುತ್ತೆ, ಆಮೇಲೆ ದ್ರಾವಣ ಮಬ್ಬಾಗುತ್ತೆ, ಕೊನೆಗೆ ಬಿಳೀ ಪ್ರಕ್ಷೇಪ ಕೂರುತ್ತೆ. ಎಲ್ಲ ಕಡೆ ಸಿಗೋ ವಿವರಣೆ ಒಂದೇ: ಎಥನಾಲ್ ಕೆಟ್ಟ ದ್ರಾವಕ, ಅದಕ್ಕೇ ಸರಪಳಿ ಮುದುಡಿತು.

ಆದರೆ ಪಾಲಿಅಕ್ರಿಲಿಕ್ ಆಮ್ಲ ಎಥನಾಲ್‌ನಲ್ಲಿ ಚೆನ್ನಾಗೇ ಕರಗುತ್ತೆ. ಬೆನ್ನೆಲುಬು ಅದೇ, ಸೋಡಿಯಂ ಮಾತ್ರ ಇಲ್ಲ. ಹಾಗಿದ್ದರೆ ಎಥನಾಲ್ ಕೆಟ್ಟದ್ದಾಗಿದ್ದು ಯಾರಿಗೆ? ಕೆಟ್ಟ ದ್ರಾವಕದಲ್ಲಿ ಆವೇಶ ಇರೋ ಸರಪಳಿ ದಾರದಲ್ಲಿ ಪೋಣಿಸಿದ ಮಣಿಗಳ ಥರ ಮುದುಡುತ್ತೆ ಅನ್ನೋ ಮಣಿಸರ ಸಿದ್ಧಾಂತವನ್ನ ಇಲ್ಲಿ ಹಚ್ಚಬಹುದಾ? ಎರಡು ಕಾರಣಗಳನ್ನ ಪ್ರಯೋಗದಲ್ಲಿ ಬೇರೆ ಮಾಡಿ ತೋರಿಸೋಕೆ ದಾರಿ ಇದೆಯಾ?

ಡೈಎಲೆಕ್ಟ್ರಿಕ್
ಸರಿಯಾದ ಪ್ರಶ್ನೆ. ಇದು ಬೆನ್ನೆಲುಬಿನ ತಕರಾರಲ್ಲ, ಅಯಾನಿನ ತಕರಾರು.

ಎರಡು ಒಂಟಿ ಆವೇಶಗಳ ನಡುವಿನ ಶಕ್ತಿ ಉಷ್ಣಶಕ್ತಿಗೆ ಸಮ ಆಗೋ ದೂರಕ್ಕೆ ಬ್ಯೆರುಮ್ ಉದ್ದ ಅಂತಾರೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದು ನೀರಲ್ಲಿ 0.71 ನ್ಯಾನೊಮೀಟರ್ (ಡೈಎಲೆಕ್ಟ್ರಿಕ್ ಸ್ಥಿರಾಂಕ, ಅಂದರೆ ಆವೇಶಗಳ ನಡುವಿನ ಬಲವನ್ನ ದ್ರಾವಕ ಎಷ್ಟು ಪಟ್ಟು ತಗ್ಗಿಸುತ್ತೆ ಅನ್ನೋದು, 78), ಮೆಥನಾಲ್‌ನಲ್ಲಿ 1.7 (ಸ್ಥಿರಾಂಕ 33), ಎಥನಾಲ್‌ನಲ್ಲಿ 2.3 (ಸ್ಥಿರಾಂಕ 24). ಪಾಲಿಅಕ್ರಿಲೇಟ್‌ನಂಥ ವಿನೈಲ್ ಸರಪಳಿಯಲ್ಲಿ ಒಂದು ಮಾನೊಮರ್‌ನಿಂದ (ಸರಪಳಿಯ ಕೊಂಡಿ) ಇನ್ನೊಂದಕ್ಕೆ 0.25 ನ್ಯಾನೊಮೀಟರ್. 1969ರಲ್ಲಿ ಮ್ಯಾನಿಂಗ್ ಹೇಳಿದ್ದು ಇಷ್ಟೇ: ಸರಪಳಿಯ ಮೇಲಿನ ಆವೇಶಗಳು ಬ್ಯೆರುಮ್ ಉದ್ದಕ್ಕಿಂತ ಹತ್ತಿರ ಇದ್ದರೆ, ಹೆಚ್ಚುವರಿ ಆವೇಶ ರದ್ದಾಗೋ ತನಕ ಪ್ರತಿ-ಅಯಾನುಗಳು (ವಿರುದ್ಧ ಆವೇಶದ ಅಯಾನುಗಳು, ಇಲ್ಲಿ ಸೋಡಿಯಂ) ಸರಪಳಿ ಮೇಲೆ ಬಂದು ಕೂರ್ತವೆ. ಈಗ ಭಾಗಿಸಿ ನೋಡಿ. ನೀರಲ್ಲಿ ಉಳಿಯೋ ಆವೇಶ ಸುಮಾರು 35%, ಮೆಥನಾಲ್‌ನಲ್ಲಿ 15%ಕ್ಕಿಂತ ಕಮ್ಮಿ, ಎಥನಾಲ್‌ನಲ್ಲಿ 11%ರ ಆಸುಪಾಸು. ಸರಪಳಿಯನ್ನ ಚಾಚಿ ಹಿಡಿದಿದ್ದೇ ಆ ವಿಕರ್ಷಣೆ. ಅದು ಸಡಿಲ ಆದರೆ ಸ್ನಿಗ್ಧತೆ ಇಳಿಯಲೇಬೇಕು.

ಕ್ಯಾಪಿಲರಿ
ಅದೆಲ್ಲ ಇರಲಿ, "ಸ್ನಿಗ್ಧತೆ ಇಳಿಯುತ್ತೆ" ಅಂದರೆ ಯಾವ ಸ್ನಿಗ್ಧತೆ? ನೀರು 25 ಡಿಗ್ರಿಯಲ್ಲಿ 0.89 ಮಿಲಿಪಾಸ್ಕಲ್-ಸೆಕೆಂಡ್, ಎಥನಾಲ್ 1.07. ಎರಡನ್ನೂ ಬೆರೆಸಿದರೆ ಮಧ್ಯದಲ್ಲಿ 2.4ರ ಹತ್ತಿರ ಹೋಗುತ್ತೆ! ಪಾಲಿಮರ್ ಇಲ್ಲದ, ಅದೇ ಅನುಪಾತದ ಮಿಶ್ರಣದ ಹರಿವಿನ ಸಮಯದಿಂದ ಭಾಗಿಸದೆ ಇದ್ದರೆ ಸಂಖ್ಯೆಗೆ ಅರ್ಥಾನೇ ಇಲ್ಲ. ಮೆಥನಾಲ್ ಜೊತೆಗೂ ಇದೇ ಕತೆ, ಗರಿಷ್ಠ 1.6ರ ಹತ್ತಿರ.

ಇನ್ನೊಂದು. ಮಿಶ್ರಣವನ್ನ ತೂಕದಲ್ಲೇ ಮಾಡಿ. 50 ಮಿಲಿಲೀಟರ್ ನೀರಿಗೆ 50 ಮಿಲಿಲೀಟರ್ ಎಥನಾಲ್ ಸೇರಿಸಿದರೆ 100 ಬರಲ್ಲ, 96-97 ಬರುತ್ತೆ. ಬೆರೆಸುವಾಗ ಬಿಸಿ ಬೇರೆ ಆಗುತ್ತೆ. ತಣ್ಣಗಾಗದೆ ಅಳೆದರೆ ಎರಡು ಕಡೆಯಿಂದ ತಪ್ಪು.

ಸರಪಳಿ_ಸಂಶಯ
ಸಾಪೇಕ್ಷ ಸ್ನಿಗ್ಧತೆಯನ್ನೇ ಹೇಳಿದ್ದು, ಆಯಾ ಮಿಶ್ರಣಕ್ಕೆ ಹೋಲಿಸಿ. ಪಾಲಿಮರ್ ಸಾರತೆ ಎಲ್ಲದರಲ್ಲೂ ಒಂದೇ.

ಮಣಿಸರ
ಡೈಎಲೆಕ್ಟ್ರಿಕ್ ಅವರೇ, "ಬೆನ್ನೆಲುಬಿನ ತಕರಾರಲ್ಲ" ಅಂತ ಅಷ್ಟು ಬೇಗ ತೀರ್ಪು ಬೇಡ. ಪ್ರತಿ-ಅಯಾನು ಕೂತ ಮೇಲೆ ಆ ಸರಪಳಿ ಪಾಲಿಅಕ್ರಿಲಿಕ್ ಆಮ್ಲದ ಸರಪಳಿ ಆಗಿರಲ್ಲ. ಅದರ ಮೇಲೆ ಈಗ ಸೋಡಿಯಂ-ಕಾರ್ಬಾಕ್ಸಿಲೇಟ್ ಜೋಡಿಗಳಿವೆ. ಒಂದೊಂದು ಜೋಡಿಯೂ ಒಂದು ದೊಡ್ಡ ದ್ವಿಧ್ರುವಿ (ಒಂದು ತುದಿ ಧನ, ಇನ್ನೊಂದು ಋಣ). ಕಡಿಮೆ ಸ್ಥಿರಾಂಕದ ದ್ರಾವಕದಲ್ಲಿ ದ್ವಿಧ್ರುವಿಗಳು ಒಂದನ್ನೊಂದು ಎಳೀತವೆ. ಅಂದರೆ ಅಯಾನು ಕೂತ ಸರಪಳಿಗೆ ಎಥನಾಲ್ ನಿಜಕ್ಕೂ ಕೆಟ್ಟ ದ್ರಾವಕವೇ. ಕಾರಣ ಡೈಎಲೆಕ್ಟ್ರಿಕ್ ಸ್ಥಿರಾಂಕ, ಪರಿಣಾಮ ದ್ರಾವಕದ ಗುಣ. ಎರಡನ್ನೂ ಬೇರೆ ಬೇರೆ ಡಬ್ಬಿಗೆ ಹಾಕೋಕೆ ಆಗಲ್ಲ.

ಡೈಎಲೆಕ್ಟ್ರಿಕ್
ಬೇರೆ ಮಾಡೋಕೆ ಆಗುತ್ತೆ. ಪ್ರತಿ-ಅಯಾನು ಬದಲಾಯಿಸಿದರೆ ಸಾಕು. ಕ್ಲೋಸ್ಟರ್, ಫಾನ್ ಡರ್ ಟೌ, ಮಾಂಡೆಲ್ 1984ರಲ್ಲಿ ಮಾಡಿದ್ದು ಇದನ್ನೇ. ಪಾಲಿಅಕ್ರಿಲಿಕ್ ಆಮ್ಲವನ್ನ ಮೆಥನಾಲ್‌ನಲ್ಲಿ ಕರಗಿಸಿ, ಒಂದು ಕಡೆ ಲಿಥಿಯಂ ಮೆಥಾಕ್ಸೈಡ್, ಇನ್ನೊಂದು ಕಡೆ ಸೋಡಿಯಂ ಮೆಥಾಕ್ಸೈಡ್ ಹಾಕಿ ತಟಸ್ಥಗೊಳಿಸ್ತಾ ಹೋದರು. ಸೋಡಿಯಂ ಇದ್ದದ್ದು ಮೊದಲು ಚಾಚಿಕೊಂಡಿತು, ಆಮೇಲೆ ಮುದುಡಿತು. ಲಿಥಿಯಂ ಇದ್ದದ್ದು ಹಾಗೆ ಮುದುಡಲಿಲ್ಲ. ಬೆನ್ನೆಲುಬೂ ಒಂದೇ, ದ್ರಾವಕವೂ ಒಂದೇ, ಡೈಎಲೆಕ್ಟ್ರಿಕ್ ಸ್ಥಿರಾಂಕವೂ ಒಂದೇ.

ಮಣಿಸರ
ಆ ಫಲಿತಾಂಶ ನಿಮ್ಮ ವಾದಕ್ಕೂ ಏಟು ಕೊಡುತ್ತಲ್ಲ! ಬರೀ ಸ್ಥಿರಾಂಕವೇ ಎಲ್ಲ ಆಗಿದ್ದರೆ ಲಿಥಿಯಂ, ಸೋಡಿಯಂ ಎರಡೂ ಒಂದೇ ಥರ ವರ್ತಿಸಬೇಕಿತ್ತು. ಮ್ಯಾನಿಂಗ್ ಲೆಕ್ಕದಲ್ಲಿ ಅಯಾನಿನ ಹೆಸರೇ ಬರಲ್ಲ, ಆವೇಶ ಮಾತ್ರ ಬರುತ್ತೆ.

ಡೈಎಲೆಕ್ಟ್ರಿಕ್
ಒಪ್ಪಿದೆ. ಸ್ಥಿರಾಂಕ ಅಯಾನುಗಳನ್ನ ಹತ್ತಿರ ತರುತ್ತೆ. ಹತ್ತಿರ ಬಂದ ಮೇಲೆ ಮುಟ್ಟಿಕೊಂಡು ಕೂರುತ್ತೋ, ನಡುವೆ ದ್ರಾವಕದ ಅಣು ಇಟ್ಟುಕೊಂಡು ಕೂರುತ್ತೋ ಅನ್ನೋದನ್ನ ತೀರ್ಮಾನ ಮಾಡೋದು ಆ ಅಯಾನಿನ ದ್ರಾವಕ-ಕವಚ. ಲಿಥಿಯಂ ತನ್ನ ಕವಚವನ್ನ ಸುಲಭಕ್ಕೆ ಬಿಡಲ್ಲ. "ಅಯಾನಿನ ತಕರಾರು" ಅಂತ ಅಂದಿದ್ದನ್ನ ಬದಲಾಯಿಸಲ್ಲ, "ಬರೀ ಸ್ಥಿರಾಂಕ" ಅನ್ನೋದನ್ನ ವಾಪಸ್ ತಗೋತೀನಿ.

ನಿಘಂಟು
ಮಧ್ಯೆ ಬಾಯಿ ಹಾಕ್ತಿದೀನಿ. "ದ್ರಾವಕದ ಗುಣಮಟ್ಟ" ಅಂತ ಬರೆದರೆ ಓದೋರು ಶುದ್ಧತೆ ಅಂತ ತಿಳ್ಕೋತಾರೆ, ಬಾಟಲಿ ಮೇಲಿನ ದರ್ಜೆ ಅಂತ. ಇಲ್ಲಿ ಮಾತಾಡ್ತಿರೋದು ಸರಪಳಿಯ ತುಂಡು ತನ್ನ ಪಕ್ಕದಲ್ಲಿ ದ್ರಾವಕ ಬಯಸುತ್ತೋ, ತನ್ನದೇ ಇನ್ನೊಂದು ತುಂಡು ಬಯಸುತ್ತೋ ಅನ್ನೋದರ ಬಗ್ಗೆ. "ಒಲವು" ಅನ್ನೋ ಪದ ಇದಕ್ಕೆ ಹೆಚ್ಚು ಒಪ್ಪುತ್ತೆ. ದ್ರಾವಕದ ಒಲವು.

ಚದುರುಬೆಳಕು
ಪದ ಚೆನ್ನಾಗಿದೆ, ಆದರೆ "ಒಳ್ಳೆ ದ್ರಾವಕ, ಕೆಟ್ಟ ದ್ರಾವಕ, ಥೀಟಾ ದ್ರಾವಕ" ಈಗಾಗಲೇ ಬಳಕೆಯಲ್ಲಿ ನಿಂತುಬಿಟ್ಟಿವೆ. ಥೀಟಾ ಅಂದರೆ ಎರಡೂ ಕಡೆಯ ಎಳೆತ ಸರಿತೂಗುವ ಜಾಗ. ಆವೇಶ ಇರೋ ಸರಪಳಿಗೂ ಥೀಟಾ ಇದೆ, ಉಪ್ಪು ಧಾರಾಳವಾಗಿ ಹಾಕಿದರೆ ಸಿಗುತ್ತೆ. ಸೋಡಿಯಂ ಪಾಲಿಅಕ್ರಿಲೇಟ್‌ಗೆ 1.5 ಮೋಲಾರ್ ಸೋಡಿಯಂ ಬ್ರೋಮೈಡ್, 15 ಡಿಗ್ರಿ.

ಜೆಲ್‌ಪ್ರಿಯ
ಇದೇ ನಾಟಕ ಜೆಲ್‌ನಲ್ಲಿ ಕಣ್ಣಿಗೇ ಕಾಣುತ್ತೆ. 1978ರಲ್ಲಿ ತನಾಕಾ ಪಾಲಿಅಕ್ರಿಲಮೈಡ್ ಜೆಲ್‌ನ ನೀರು-ಅಸಿಟೋನ್ ಮಿಶ್ರಣದಲ್ಲಿ ಇಟ್ಟು ತೋರಿಸಿದ್ದು: ಅಸಿಟೋನ್ ಪಾಲು ಒಂದು ಹಂತ ದಾಟಿದ ತಕ್ಷಣ ಗಾತ್ರ ಧಡಕ್ಕನೆ ಕುಸಿಯುತ್ತೆ. ಸ್ವಲ್ಪ ಭಾಗ ಜಲವಿಭಜನೆ ಆಗಿ ಅಯಾನು ಗುಂಪುಗಳು ಬಂದಿದ್ದ ಜೆಲ್‌ನಲ್ಲಿ ಆ ನೆಗೆತ ಜಾಸ್ತಿ. ಒಂದು ಕಡೆ ಪ್ರತಿ-ಅಯಾನುಗಳ ಆಸ್ಮಾಟಿಕ್ ಒತ್ತಡ ಹಿಗ್ಗಿಸ್ತಿರುತ್ತೆ, ಇನ್ನೊಂದು ಕಡೆ ಕೆಟ್ಟ ದ್ರಾವಕ ಕುಗ್ಗಿಸ್ತಿರುತ್ತೆ.

ಸರಪಳಿ_ಸಂಶಯ
ಮಣಿಸರ ಅವರೇ, ನಿಮ್ಮ ಹೆಸರಿನ ವಿಷಯಕ್ಕೇ ಬರೋಣ. ಮಣಿಸರ ನಿಜವಾಗಿ ಯಾವಾಗ ಆಗುತ್ತೆ? ಸಂಖ್ಯೆ ಹಾಕಿ ಹೇಳಿ.

ಮಣಿಸರ
ಮೊದಲು ಮೂಲ. 1882ರಲ್ಲಿ ರೇಲಿ ತೋರಿಸಿದ್ದು: ದ್ರವದ ಹನಿ ಮೇಲೆ ಆವೇಶ ಹೆಚ್ಚಾಗ್ತಾ ಹೋದರೆ ಒಂದು ಹಂತದಲ್ಲಿ ಮೇಲ್ಮೈ ಸೆಳೆತ ಸೋತು ಹನಿ ಒಡೆಯುತ್ತೆ. ಕೆಟ್ಟ ದ್ರಾವಕದಲ್ಲಿ ಮುದುಡಿದ ಸರಪಳಿಯೂ ಒಂದು ಹನಿಯೇ, ಆದರೆ ತುಂಡುಗಳು ಒಂದಕ್ಕೊಂದು ಪೋಣಿಸಿಕೊಂಡಿರೋದರಿಂದ ದೂರ ಹಾರಿಹೋಗೋಕೆ ಆಗಲ್ಲ. 1980ರಲ್ಲಿ ಖೋಖ್ಲೊವ್ ಇದು ಉದ್ದನೆಯ ಸಿಲಿಂಡರ್ ಆಗುತ್ತೆ ಅಂದರು. 1996ರಲ್ಲಿ ಡೊಬ್ರಿನಿನ್, ರೂಬಿನ್‌ಸ್ಟೈನ್, ಒಬುಖೊವ್ ಸಿಲಿಂಡರೂ ನಿಲ್ಲಲ್ಲ, ಮಣಿಗಳಾಗಿ ಒಡೆದು ನಡುವೆ ಸಣ್ಣ ದಾರ ಉಳಿಯುತ್ತೆ ಅಂತ ತೋರಿಸಿದರು.

ಲೆಕ್ಕಕ್ಕೆ ಮೂರು ಸಂಖ್ಯೆ ಬೇಕು. ಒಂದು, ಥೀಟಾದಿಂದ ಎಷ್ಟು ಕೆಳಗಿದೀವಿ ಅನ್ನೋ ಪಾಲು, 0.5 ಅಂತಿಟ್ಟುಕೊಳ್ಳಿ. ಎರಡು, ಬ್ಯೆರುಮ್ ಉದ್ದವನ್ನ ಮಾನೊಮರ್ ಉದ್ದದಿಂದ ಭಾಗಿಸಿದ್ದು. ನೀರಲ್ಲಿ ವಿನೈಲ್ ಸರಪಳಿಗೆ 2.8. ಮೂರು, ಪರಿಣಾಮಕಾರಿ ಆವೇಶದ ಪಾಲು. ಇದು ರಾಸಾಯನಿಕವಾಗಿ ಹಾಕಿದ ಆವೇಶ ಅಲ್ಲ, ಪ್ರತಿ-ಅಯಾನು ಕೂತ ಮೇಲೆ ಉಳಿದದ್ದು. ಇಲ್ಲೇ ಎಲ್ಲರೂ ಎಡವೋದು.

ಒಂದು ಮಣಿಯಲ್ಲಿರೋ ಮಾನೊಮರ್‌ಗಳು = ಮೊದಲನೆಯದನ್ನ ಎರಡನೆಯದರಿಂದಲೂ ಮೂರನೆಯದರ ವರ್ಗದಿಂದಲೂ ಭಾಗಿಸಿದ್ದು. ಆವೇಶದ ಪಾಲು 0.1 ಆದರೆ: 0.5 ÷ (2.8 × 0.01), ಸುಮಾರು 18. 1000 ಮಾನೊಮರ್ ಸರಪಳಿಗೆ 56 ಮಣಿ. ಆವೇಶದ ಪಾಲು 0.03 ಆದರೆ ಮಣಿಗೆ 198 ಮಾನೊಮರ್, ಬರೀ 5 ಮಣಿ. ಇನ್ನೂ ಇಳಿಸಿ 0.013ರ ಕೆಳಗೆ ಹೋದರೆ ಒಂದೇ ಗುಂಡು, ಒಡೆಯೋದೇ ಇಲ್ಲ. ಮೇಲಕ್ಕೆ ಹೋಗಿ 0.21 ದಾಟಿದರೆ ವಿಕರ್ಷಣೆ ಎಷ್ಟು ಬಲವಾಗಿರುತ್ತೆ ಅಂದರೆ ದ್ರಾವಕ ಕೆಟ್ಟದ್ದು ಅನ್ನೋದು ಸರಪಳಿಗೆ ಗೊತ್ತೇ ಆಗಲ್ಲ. ಚಾಚಿದ ಸರಪಳಿ ಅಷ್ಟೇ.

ಇವು ಸ್ಕೇಲಿಂಗ್ ಲೆಕ್ಕಗಳು, ಯಾವುದು ಯಾವುದರ ಎಷ್ಟನೇ ಘಾತಕ್ಕೆ ಬದಲಾಗುತ್ತೆ ಅಂತ ಮಾತ್ರ ಹೇಳ್ತವೆ; ಸೂತ್ರದ ಗುಣಕಾಂಕಗಳನ್ನ 1 ಅಂತ ಹಿಡಿದಿದೆ. 18 ಅನ್ನೋದು 10 ಆಗಬಹುದು, 40 ಆಗಬಹುದು. ಆದರೆ ಆವೇಶ ಅರ್ಧ ಆದರೆ ಮಣಿ ನಾಲ್ಕು ಪಟ್ಟು ದಪ್ಪ ಅನ್ನೋದನ್ನ ನಂಬಬಹುದು.

ಡೈಎಲೆಕ್ಟ್ರಿಕ್
ನಾಲ್ಕು ಪಟ್ಟು ಮಾನೊಮರ್. ದಪ್ಪ ಅಲ್ಲ. ಮಣಿಯ ವ್ಯಾಸ ಆವೇಶದ ಪಾಲಿನ ಮೂರನೇ ಎರಡು ಘಾತಕ್ಕೆ ವಿಲೋಮ, ಅಂದರೆ 1.6 ಪಟ್ಟು.

ಮಣಿಸರ
ಹೌದು, ತಿದ್ದಿದ್ದು ಸರಿ. ಮಾನೊಮರ್ ಸಂಖ್ಯೆ ನಾಲ್ಕು ಪಟ್ಟು, ವ್ಯಾಸ 1.6 ಪಟ್ಟು.

ಕ್ಯಾಪಿಲರಿ
ಆದರೆ ಇದನ್ನ ಯಾರಾದರೂ ಕಂಡಿದ್ದಾರಾ? ಸಿಮ್ಯುಲೇಶನ್ ಬಿಟ್ಟು.

ಚದುರುಬೆಳಕು
ಕಂಡಿದ್ದಾರೆ, ಷರತ್ತುಗಳೊಂದಿಗೆ. 2002ರಲ್ಲಿ ಕಿರಿಯ್ ಮತ್ತು ಸಂಗಡಿಗರು ಪಾಲಿ-2-ವಿನೈಲ್‌ಪಿರಿಡೀನ್‌ನ ಒಂಟಿ ಸರಪಳಿಗಳನ್ನ ಅಭ್ರಕದ ಮೇಲೆ ಕೂರಿಸಿ ಪರಮಾಣು ಬಲ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಆಮ್ಲೀಯತೆ ಕಡಿಮೆ ಮಾಡ್ತಾ ಹೋದಂತೆ ಚಾಚಿದ ಸರಪಳಿ, ಮಣಿಸರ, ಗುಂಡು, ಈ ಕ್ರಮದಲ್ಲಿ ಸಿಕ್ಕವು. ಷರತ್ತು ಏನಂದರೆ ಅಭ್ರಕದ ಮೇಲ್ಮೈಗೂ ಆವೇಶ ಇದೆ. ಮೇಲ್ಮೈ ಮೇಲೆ ಕಂಡ ಆಕಾರ ದ್ರಾವಣದೊಳಗಿನ ಆಕಾರ ಅಂತ ಕಣ್ಣು ಮುಚ್ಚಿ ಹೇಳೋಕಾಗಲ್ಲ.

ದ್ರಾವಣದಲ್ಲಿ ಎಕ್ಸ್-ಕಿರಣ ಚದುರಿಕೆ ನೇರವಾಗಿ ಮಣಿಯನ್ನ ತೋರಿಸಲ್ಲ. ಲಿಂಬಾಕ್, ಹೋಲ್ಮ್ ಅವರ ಸಿಮ್ಯುಲೇಶನ್‌ಗಳೇ ಕಾರಣ ಹೇಳ್ತವೆ: ಒಂದೇ ಸರಪಳಿ ಈಗ ಮೂರು ಮಣಿ, ಸ್ವಲ್ಪ ಹೊತ್ತಿಗೆ ನಾಲ್ಕು ಮಣಿ. ಎಲ್ಲ ಸರಾಸರಿ ಆಗಿ ಗುರುತು ಅಳಿಸಿಹೋಗುತ್ತೆ. ಸಿಗೋದು ಪರೋಕ್ಷ ಸಾಕ್ಷಿ. ಸರಪಳಿಗಳ ನಡುವಿನ ಅಂತರದಿಂದ ಒಂದು ಶಿಖರ ಬರುತ್ತೆ. ಒಳ್ಳೆ ದ್ರಾವಕದ ಅರೆತೆಳು ದ್ರಾವಣದಲ್ಲಿ (ಸರಪಳಿಗಳು ಒಂದರ ಮೇಲೊಂದು ಬೀಳುವಷ್ಟು ಸಾರತೆ) ಅದರ ಸ್ಥಾನ ಸಾರತೆಯ ಅರ್ಧ ಘಾತಕ್ಕೆ ಸರಿಯಾಗಿ ಸರಿಯುತ್ತೆ (ಡ ಜೆನ್ ಮತ್ತು ಸಂಗಡಿಗರು 1976ರಲ್ಲೇ ಹೇಳಿದ್ದು). ಭಾಗಶಃ ಸಲ್ಫೊನೇಟ್ ಆದ (ಕೆಲವು ಕೊಂಡಿಗಳಿಗೆ ಮಾತ್ರ ಋಣ ಆವೇಶದ ಸಲ್ಫೊನೇಟ್ ಗುಂಪು ಸೇರಿಸಿದ) ಪಾಲಿಸ್ಟೈರೀನ್ ನೀರಲ್ಲಿದ್ದಾಗ ಘಾತ ಅರ್ಧಕ್ಕಿಂತ ಕಡಿಮೆ. ಮಣಿಗಳು ಒತ್ತಾಗಿ ತುಂಬಿಕೊಂಡಾಗ ಸಿದ್ಧಾಂತ ಹೇಳೋದು ಮೂರನೇ ಒಂದು.

ಎಚ್ಚರ: ತೀರಾ ತೆಳು ದ್ರಾವಣದಲ್ಲೂ ಘಾತ ಮೂರನೇ ಒಂದೇ. ಬರೀ ಘಾತ ನೋಡಿ "ಮಣಿ ಸಿಕ್ಕಿತು" ಅನ್ನಬೇಡಿ. ಮೊದಲು ಸರಪಳಿಗಳು ಒಂದರ ಮೇಲೊಂದು ಬೀಳೋ ಸಾರತೆ ಎಲ್ಲಿದೆ ಅಂತ ಗೊತ್ತಿರಬೇಕು.

ಡೈಎಲೆಕ್ಟ್ರಿಕ್
ಅದೇ ಪಾಲಿಸ್ಟೈರೀನ್ ಸಲ್ಫೊನೇಟ್ ಬಗ್ಗೆ ಇನ್ನೊಂದು ಮುಖ್ಯ ಮಾತು. ಬೆನ್ನೆಲುಬಿಗೆ ನೀರು ಕೆಟ್ಟದ್ದು, ಸಲ್ಫೊನೇಟ್ 30%ರ ಹತ್ತಿರಕ್ಕೆ ಬರೋ ತನಕ ನೀರಲ್ಲಿ ಕರಗೋದೇ ಇಲ್ಲ. ಕರಗಿದ ಮೇಲೂ ಪರಿಣಾಮಕಾರಿ ಆವೇಶ ಮ್ಯಾನಿಂಗ್ ಹೇಳಿದ್ದಕ್ಕಿಂತ ಬಹಳ ಕಡಿಮೆ. ಮಣಿಯೊಳಗೆ ಹೈಡ್ರೋಕಾರ್ಬನ್ ತುಂಬಿರೋದರಿಂದ ಅಲ್ಲಿನ ಸ್ಥಿರಾಂಕ ಕಡಿಮೆ, ಅಯಾನುಗಳು ಅಲ್ಲೇ ಸಿಕ್ಕಿಬೀಳ್ತವೆ. ಅವು ಸಿಕ್ಕಿಬಿದ್ದರೆ ಆವೇಶ ಇಳಿಯುತ್ತೆ, ಆವೇಶ ಇಳಿದರೆ ಮಣಿ ದೊಡ್ಡದಾಗುತ್ತೆ, ದೊಡ್ಡದಾದರೆ ಇನ್ನಷ್ಟು ಅಯಾನು ಸಿಕ್ಕಿಬೀಳ್ತವೆ. ಹಾಗಾಗಿ ಮೇಲಿನ ಲೆಕ್ಕದಲ್ಲಿ 0.35 ಅಂತ ಮ್ಯಾನಿಂಗ್ ಸಂಖ್ಯೆ ಹಾಕಿದರೆ ಉತ್ತರ ತಪ್ಪು. ಆಸ್ಮಾಟಿಕ್ ಒತ್ತಡ ಅಥವಾ ವಾಹಕತೆಯಿಂದ ಅಳೆದ ಸಂಖ್ಯೆಯನ್ನೇ ಹಾಕಬೇಕು.

ಚದುರುಬೆಳಕು
ಸಲ್ಫೊನೇಟ್ ಗುಂಪುಗಳು ಸರಪಳಿ ಉದ್ದಕ್ಕೂ ಹರಡಿವೆಯೋ, ಗುಂಪುಗುಂಪಾಗಿವೆಯೋ ಅನ್ನೋದೂ ಮುಖ್ಯ. ಪುಡಿ ಪಾಲಿಸ್ಟೈರೀನನ್ನ ನೇರ ಗಂಧಕಾಮ್ಲಕ್ಕೆ ಹಾಕಿದರೆ ಹೊರಪದರ ಮೊದಲು ಸಲ್ಫೊನೇಟ್ ಆಗುತ್ತೆ, ಒಳಗೆ ಖಾಲಿ. ಡೈಕ್ಲೋರೊಈಥೇನ್‌ನಲ್ಲಿ ಪೂರ್ತಿ ಕರಗಿಸಿ ಅಸಿಟೈಲ್ ಸಲ್ಫೇಟ್ ಹಾಕಿದರೆ ಕಡಿಮೆ ಪ್ರಮಾಣದ ಸಲ್ಫೊನೇಶನ್ ಹೆಚ್ಚು ಸಮವಾಗಿ ಬರುತ್ತೆ. ಎರಡೂ ಮಾದರಿಯ ಸರಾಸರಿ ಸಲ್ಫೊನೇಶನ್ ಒಂದೇ ಇದ್ದರೂ ನೀರಿನಲ್ಲಿ ಅವುಗಳ ವರ್ತನೆ ಬೇರೆ.

ಕ್ಯಾಪಿಲರಿ
ಒಳ್ಳೆ ದ್ರಾವಕವಾ ಅಂತ ತಿಳಿಯೋಕೆ ಸುಲಭದ ಪರೀಕ್ಷೆ ಇದೆಯಲ್ಲ: ತೆಳು ಮಾಡ್ತಾ ಹೋದಂತೆ ಅಪಕರ್ಷಿತ ಸ್ನಿಗ್ಧತೆ (ಪಾಲಿಮರ್‌ನಿಂದ ಹೆಚ್ಚಾದ ಸಾಪೇಕ್ಷ ಸ್ನಿಗ್ಧತೆಯನ್ನ ಸಾರತೆಯಿಂದ ಭಾಗಿಸಿದ್ದು) ಏರಿದರೆ ಒಳ್ಳೆಯದು.

ಮಣಿಸರ
ಇಲ್ಲ, ಇದನ್ನ ಒಪ್ಪೋಕೆ ಆಗಲ್ಲ. ಆ ಏರಿಕೆ ಆವೇಶ ಇದೆ ಅಂತ ಹೇಳುತ್ತೆ, ಒಲವಿನ ಬಗ್ಗೆ ಏನೂ ಹೇಳಲ್ಲ. ಮಣಿಸರವೂ ತೆಳು ಮಾಡಿದಾಗ ಚಾಚಿಕೊಳ್ಳುತ್ತೆ, ಅಲ್ಲೂ ಏರಿಕೆ ಕಾಣುತ್ತೆ. ಹಾಗೇ, ಭಾಗಶಃ ಸಲ್ಫೊನೇಟ್ ಆದ ಅದೇ ಪಾಲಿಸ್ಟೈರೀನ್ ಡೈಮೀಥೈಲ್‌ಫಾರ್ಮಮೈಡ್‌ನಲ್ಲಿ (ಸ್ಥಿರಾಂಕ 37) ಏರಿಕೆ ತೋರಿಸುತ್ತೆ, ಟೆಟ್ರಾಹೈಡ್ರೊಫ್ಯೂರಾನ್‌ನಲ್ಲಿ (ಸ್ಥಿರಾಂಕ 7.5) ತೋರಿಸಲ್ಲ. ಪಾಲಿಸ್ಟೈರೀನ್ ಬೆನ್ನೆಲುಬಿಗೆ ಟೆಟ್ರಾಹೈಡ್ರೊಫ್ಯೂರಾನ್ ಬಹಳ ಒಳ್ಳೆ ದ್ರಾವಕ! ಅಲ್ಲಿ ಅಯಾನುಗಳು ಬಿಡಿಸಿಕೊಳ್ಳದೆ ಜೋಡಿಯಾಗೇ ಉಳಿದು, ಜೋಡಿಗಳು ಅಂಟಿಕೊಂಡು ಸರಪಳಿಗಳು ಗುಂಪುಗಟ್ಟುತ್ತವೆ. ಅಯಾನೊಮರ್ ವರ್ತನೆ ಅನ್ನೋದು ಇದನ್ನೇ.

ಸರಪಳಿ_ಸಂಶಯ
ಇದು ಮೂಲ ಪ್ರಶ್ನೆಯ ತಿರುಗುಮುರುಗು ಉದಾಹರಣೆ. ನೀರಲ್ಲಿ ಪಾಲಿಸ್ಟೈರೀನ್ ಸಲ್ಫೊನೇಟ್: ಅಯಾನಿಗೆ ಒಳ್ಳೆಯದು, ಬೆನ್ನೆಲುಬಿಗೆ ಕೆಟ್ಟದ್ದು. ಟೆಟ್ರಾಹೈಡ್ರೊಫ್ಯೂರಾನ್‌ನಲ್ಲಿ: ಬೆನ್ನೆಲುಬಿಗೆ ಒಳ್ಳೆಯದು, ಅಯಾನಿಗೆ ಕೆಟ್ಟದ್ದು. ಎರಡಕ್ಕೂ ಒಳ್ಳೆಯದಾಗಿರೋ ಜೋಡಿ ಯಾವುದು?

ಡೈಎಲೆಕ್ಟ್ರಿಕ್
ಪಾಲಿ-2-ವಿನೈಲ್‌ಪಿರಿಡೀನನ್ನ ಭಾಗಶಃ ಕ್ವಾಟರ್ನರಿ ಮಾಡಿ (ಸಾರಜನಕಕ್ಕೆ ಇನ್ನೊಂದು ಗುಂಪು ಜೋಡಿಸಿ ಕಾಯಂ ಧನ ಆವೇಶ ಕೊಟ್ಟು) ಎಥಿಲೀನ್ ಗ್ಲೈಕಾಲ್‌ನಲ್ಲಿ ಹಾಕಿ. ಬೆನ್ನೆಲುಬಿಗೆ ಒಳ್ಳೆ ದ್ರಾವಕ, ಬ್ಯೆರುಮ್ ಉದ್ದ 1.5 ನ್ಯಾನೊಮೀಟರ್ ಹತ್ತಿರ, ಅಯಾನಿಗೂ ಪರವಾಗಿಲ್ಲ. ಡೌ ಮತ್ತು ಕೋಲ್ಬಿ 2006ರಲ್ಲಿ ಆವೇಶದ ಪಾಲು ಬದಲಾಯಿಸ್ತಾ ಇದರ ಹರಿವನ್ನ ಅಳೆದಿದ್ದಾರೆ. ಸ್ಥಿರಾಂಕ ಇನ್ನೂ ಏರಿಸಬೇಕಾದರೆ ಎನ್-ಮೀಥೈಲ್‌ಫಾರ್ಮಮೈಡ್ ಇದೆ: ಸ್ಥಿರಾಂಕ 182, ಬ್ಯೆರುಮ್ ಉದ್ದ 0.31.

ಡಿಎನ್‌ಎ_ಬೆಂಚ್
ಈ ವಿಷಯ ದಿನಾ ಮಾಡೋ ಕೆಲಸಕ್ಕೆ ಬರುತ್ತೆ. ಡಿಎನ್‌ಎ ಪ್ರಕ್ಷೇಪ: 0.3 ಮೋಲಾರ್ ಸೋಡಿಯಂ ಅಸಿಟೇಟ್, ಪಿಎಚ್ 5.2, ಮೇಲೆ ಎರಡರಿಂದ ಎರಡೂವರೆ ಪಟ್ಟು ಎಥನಾಲ್. ಐಸೊಪ್ರೊಪನಾಲ್ ಆದರೆ 0.6-0.7 ಪಟ್ಟು ಸಾಕು, ಅದರ ಸ್ಥಿರಾಂಕ ಇನ್ನೂ ಕಡಿಮೆ. ಉಪ್ಪು ಮರೆತು ಬರೀ ಎಥನಾಲ್ ಹಾಕಿದರೆ ಸಿಗೋದು ತೀರಾ ಕಡಿಮೆ. ಫಾಸ್ಫೇಟ್ ಮೇಲೆ ಕೂರೋಕೆ ಸೋಡಿಯಂ ಬೇಕಲ್ಲ.

ಡಿಎನ್‌ಎಯಲ್ಲಿ ಆವೇಶಗಳ ನಡುವೆ 0.17 ನ್ಯಾನೊಮೀಟರ್. ಒಂಟಿ ಆವೇಶದ ಅಯಾನು ನೀರಲ್ಲಿ 76% ರದ್ದು ಮಾಡುತ್ತೆ. 1979ರಲ್ಲಿ ವಿಲ್ಸನ್, ಬ್ಲೂಮ್‌ಫೀಲ್ಡ್ ಕಂಡುಕೊಂಡಿದ್ದು: ರದ್ದು 90%ರ ಹತ್ತಿರ ಬಂದಾಗ ಡಿಎನ್‌ಎ ಸುರುಳಿ ಸುತ್ತಿಕೊಳ್ಳುತ್ತೆ. ಮೂರು ಆವೇಶದ ಸ್ಪರ್ಮಿಡೀನ್ ನೀರಲ್ಲೇ ಅಲ್ಲಿಗೆ ತಲುಪಿಸುತ್ತೆ. ಸೋಡಿಯಂ, ಮೆಗ್ನೀಸಿಯಂಗೆ ನೀರಲ್ಲಿ ಆಗಲ್ಲ.

ಮಣಿಸರ
ಆದರೆ ಡಿಎನ್‌ಎಗೆ ಮಣಿಸರ ಹಚ್ಚಬೇಡಿ. ಅದು ಬಿಗಿ ಸರಪಳಿ, 50 ನ್ಯಾನೊಮೀಟರ್ ತನಕ ಬಾಗಲ್ಲ. ಸುತ್ತಿಕೊಂಡಾಗ ಉಂಗುರದ ಆಕಾರ ಬರುತ್ತೆ. ಮಣಿಸರ ಮೆದು ಸರಪಳಿಗಳಿಗೆ ಮಾತ್ರ.

ಸರಪಳಿ_ಸಂಶಯ
ಸರಿ, ಈಗ ಪ್ರಯೋಗ. ಯಾರಾದರೂ ಹಂತ ಹಂತವಾಗಿ ಹೇಳಿ.

ಕ್ಯಾಪಿಲರಿ
ಹೀಗೆ ಮಾಡಿ. ಒಂದೇ ಬ್ಯಾಚಿನ ಪಾಲಿಅಕ್ರಿಲಿಕ್ ಆಮ್ಲ ತಗೊಂಡು ಮೊದಲು ಡಯಾಲಿಸಿಸ್ (ಪೊರೆಯ ಮೂಲಕ ಸಣ್ಣ ಅಣುಗಳನ್ನ, ಉಪ್ಪನ್ನ ಹೊರಗೆ ಕಳಿಸೋದು). ಆಣ್ವಿಕ ತೂಕ 1 ಲಕ್ಷದ ಸುತ್ತ ಇದ್ದರೆ 12-14 ಸಾವಿರಕ್ಕಿಂತ ಭಾರದ ಅಣುಗಳನ್ನ ತಡೆಯೋ ಪೊರೆ ಸಾಕು. ಹೊರಗಿನ ನೀರು ಬದಲಾಯಿಸ್ತಾ ಇರಿ, ಹೊರನೀರಿನ ವಾಹಕತೆ ಹೊಸ ನೀರಿನಷ್ಟೇ ಆಗೋ ತನಕ. ಅತಿಶುದ್ಧ ನೀರು 0.055 ಮೈಕ್ರೊಸೀಮೆನ್ಸ್ ಪ್ರತಿ ಸೆಂಟಿಮೀಟರ್, ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿದರೆ 1ರ ಹತ್ತಿರ. 1ಕ್ಕೆ ಬಂದರೆ ನಿಲ್ಲಿಸಬಹುದು.

ಆಮೇಲೆ ಮೂರು ಪಾಲು. ಒಂದಕ್ಕೆ ಲಿಥಿಯಂ ಹೈಡ್ರಾಕ್ಸೈಡ್, ಒಂದಕ್ಕೆ ಸೋಡಿಯಂ ಹೈಡ್ರಾಕ್ಸೈಡ್, ಒಂದಕ್ಕೆ ಟೆಟ್ರಾಬ್ಯುಟೈಲ್‌ಅಮೋನಿಯಂ ಹೈಡ್ರಾಕ್ಸೈಡ್. ಮೂರನ್ನೂ ಒಂದೇ ಮಟ್ಟಕ್ಕೆ ತಟಸ್ಥಗೊಳಿಸಿ. ಸಾರತೆಯನ್ನ ಗ್ರಾಂನಲ್ಲಿ ಸಮ ಮಾಡಬೇಡಿ, ಮಾನೊಮರ್ ಮೋಲ್‌ನಲ್ಲಿ ಸಮ ಮಾಡಿ. ಟೆಟ್ರಾಬ್ಯುಟೈಲ್‌ಅಮೋನಿಯಂ ಅಷ್ಟು ಭಾರ ಇರೋದರಿಂದ ಗ್ರಾಂ ಲೆಕ್ಕ ಪೂರಾ ದಾರಿ ತಪ್ಪಿಸುತ್ತೆ. 10 ಮಿಲಿಮೋಲಾರ್ ಒಳ್ಳೆ ಆರಂಭ.

ಆಲ್ಕೊಹಾಲ್ ಸೇರಿಸೋದು: ಶುದ್ಧ ಎಥನಾಲ್ ನೇರ ಸುರಿಯಬೇಡಿ. ಹನಿ ಬಿದ್ದ ಜಾಗದಲ್ಲೇ ಪಾಲಿಮರ್ ಗಂಟು ಕಟ್ಟುತ್ತೆ, ಆಮೇಲೆ ದಿನಗಟ್ಟಲೆ ಕರಗಲ್ಲ. ಮಬ್ಬಾಗೋ ಹಂತದ ಹತ್ತಿರ ಬಂದಾಗ 60% ಎಥನಾಲ್ ಮಿಶ್ರಣವನ್ನ ಕಲಕ್ತಾ ಸೇರಿಸಿ. ಇನ್ನೂ ಒಳ್ಳೆಯದು: ಒಂದೇ ಪಾಲಿಮರ್ ಸಾರತೆಯ ಎರಡು ದಾಸ್ತಾನು ಮಾಡಿ, ಒಂದು ನೀರಲ್ಲಿ, ಒಂದು ಇನ್ನೂ ತಿಳಿಯಾಗಿರೋ ಗರಿಷ್ಠ ಎಥನಾಲ್ ಮಿಶ್ರಣದಲ್ಲಿ. ಎರಡನ್ನ ಬೇರೆ ಬೇರೆ ಅನುಪಾತದಲ್ಲಿ ಬೆರೆಸಿದರೆ ಪಾಲಿಮರ್ ಸಾರತೆ ಹೆಚ್ಚುಕಡಿಮೆ ಹಾಗೇ ಉಳಿಯುತ್ತೆ. 24 ಗಂಟೆ ಬಿಟ್ಟು ಅಳೆಯಿರಿ.

ಬೆನ್ನೆಲುಬೇ ಕಾರಣ ಆಗಿದ್ದರೆ ಮೂರೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಕುಸಿಯಬೇಕು. ಅಯಾನು ಕಾರಣ ಆಗಿದ್ದರೆ ಸೋಡಿಯಂ ಮೊದಲು, ಟೆಟ್ರಾಬ್ಯುಟೈಲ್‌ಅಮೋನಿಯಂ ಕುಸಿಯೋದೇ ಇಲ್ಲ.

ಮಣಿಸರ
ಟೆಟ್ರಾಬ್ಯುಟೈಲ್‌ಅಮೋನಿಯಂ ಬಗ್ಗೆ ಒಂದು ಆಕ್ಷೇಪ. ಅದಕ್ಕೇ ನಾಲ್ಕು ಬ್ಯುಟೈಲ್ ಬಾಲ ಇವೆ. ಸರಪಳಿ ಮೇಲೆ ಕೂತರೆ ಸರಪಳಿಯ ಒಲವನ್ನೇ ಎಣ್ಣೆ ಕಡೆಗೆ ತಿರುಗಿಸುತ್ತೆ. ಹಾಗಾಗಿ ಅದು ಶುದ್ಧ ಹೋಲಿಕೆ ಅಲ್ಲ. ಲಿಥಿಯಂ-ಸೋಡಿಯಂ ಜೋಡಿಯ ಸಾಕ್ಷಿಗೆ ತೂಕ ಜಾಸ್ತಿ.

ಡೈಎಲೆಕ್ಟ್ರಿಕ್
ನಿಜ. ಇನ್ನೊಂದು ಬಲೆ ಇದೆ: ಪಾಲಿಅಕ್ರಿಲಿಕ್ ದುರ್ಬಲ ಆಮ್ಲ. ಅಸಿಟಿಕ್ ಆಮ್ಲದ ಪಿಕೆಎ (ಹೆಚ್ಚಿದ್ದಷ್ಟೂ ಪ್ರೋಟಾನ್ ಬಿಡೋದು ಕಷ್ಟ) ನೀರಲ್ಲಿ 4.76, ಮೆಥನಾಲ್‌ನಲ್ಲಿ 9.6ರ ಹತ್ತಿರ. ಕಾರ್ಬಾಕ್ಸಿಲಿಕ್ ಸರಪಳಿಗೂ ಇದೇ ದಿಕ್ಕು. ಆಲ್ಕೊಹಾಲ್ ಹೆಚ್ಚಾದಂತೆ ತಟಸ್ಥ ಆಗದೆ ಉಳಿದ ಗುಂಪುಗಳು ಪ್ರೋಟಾನನ್ನ ಇನ್ನೂ ಗಟ್ಟಿಯಾಗಿ ಹಿಡ್ಕೋತವೆ. ಅದಕ್ಕೇ ಪಿಎಚ್ ನೋಡಿ ಹೊಂದಿಸೋದಕ್ಕಿಂತ ಕ್ಷಾರವನ್ನ ಮೋಲ್ ಲೆಕ್ಕದಲ್ಲಿ ಹಾಕಿ. ನೀರಿನ ಬಫರ್‌ನಲ್ಲಿ ಸರಿಹೊಂದಿಸಿದ ಪಿಎಚ್ ವಿದ್ಯುದ್ವಾರ ಮಿಶ್ರ ದ್ರಾವಕದಲ್ಲಿ ತೋರಿಸೋ ಸಂಖ್ಯೆ ನೀರಿನ ಪಿಎಚ್ ಅಲ್ಲ.

ಪ್ರಬಲ ಆಮ್ಲದ ಸರಪಳಿ, ಅಂದರೆ ಸಲ್ಫೊನೇಟ್, ಅಥವಾ ಕ್ವಾಟರ್ನರಿ ಅಮೋನಿಯಂ ತಗೊಂಡರೆ ಈ ಗೋಜಲೇ ಇಲ್ಲ.

ಜೆಲ್‌ಪ್ರಿಯ
ಪಾಲಿಮೆಥಾಕ್ರಿಲಿಕ್ ಆಮ್ಲವನ್ನೂ ಪಕ್ಕದಲ್ಲಿ ಇಟ್ಟು ನೋಡಿ. ಒಂದು ಮೀಥೈಲ್ ಗುಂಪು ಹೆಚ್ಚು, ಅಷ್ಟೇ ವ್ಯತ್ಯಾಸ. ಆದರೆ ನೀರಲ್ಲಿ ಕಡಿಮೆ ಪಿಎಚ್‌ನಲ್ಲಿ ಬಿಗಿ ಉಂಡೆ, ಪಿಎಚ್ 5-6ರ ನಡುವೆ ಒಮ್ಮೆಗೇ ಬಿಚ್ಚಿಕೊಳ್ಳುತ್ತೆ. ಪಾಲಿಅಕ್ರಿಲಿಕ್ ನಿಧಾನಕ್ಕೆ ಚಾಚಿಕೊಳ್ಳುತ್ತೆ, ಇಂಥ ನೆಗೆತ ಇಲ್ಲ. ಪಾಲಿಮೆಥಾಕ್ರಿಲಿಕ್‌ಗೆ ಮೆಥನಾಲ್ ಸೇರಿಸಿದರೆ ಆ ನೆಗೆತ ಮಾಯ, ಯಾಕಂದರೆ ಮೀಥೈಲ್‌ಗಳಿಗೆ ಮೆಥನಾಲ್ ಇಷ್ಟ. ಅಂದರೆ ಅದೇ ಆಲ್ಕೊಹಾಲ್ ಇಲ್ಲಿ ದ್ರಾವಕವನ್ನ *ಒಳ್ಳೆಯದು* ಮಾಡ್ತು.

ಚದುರುಬೆಳಕು
ಬೆಳಕು ಚದುರಿಕೆ ಮಾಡೋದಾದರೆ ಮೂರು ಮಾತು. ಒಂದು, ಉಪ್ಪಿಲ್ಲದ ದ್ರಾವಣದಲ್ಲಿ ಚಲನಾತ್ಮಕ ಚದುರಿಕೆ (ಚದುರಿದ ಬೆಳಕಿನ ಏರಿಳಿತದಿಂದ ಕಣಗಳ ಓಡಾಟ ಅಳೆಯೋದು) ಎರಡು ವೇಗ ತೋರಿಸುತ್ತೆ. ನಿಧಾನದ್ದನ್ನ ಸರಪಳಿಯ ಗಾತ್ರ ಅಂತ ತಿಳ್ಕೋಬೇಡಿ. ಎರಡು, ಮಿಶ್ರ ದ್ರಾವಕದಲ್ಲಿ ನೀರು ಆವೇಶದ ಹತ್ತಿರ ಜಾಸ್ತಿ ಸೇರುತ್ತೆ, ಆಲ್ಕೊಹಾಲ್ ದೂರ ಉಳಿಯುತ್ತೆ. ಹಾಗಾಗಿ ವಕ್ರೀಭವನ ಸೂಚ್ಯಂಕದ ಏರಿಕೆಯನ್ನ ಅದೇ ಮಿಶ್ರಣಕ್ಕೆ ಎದುರಾಗಿ ಡಯಾಲಿಸಿಸ್ ಮಾಡಿದ ಮೇಲೆ ಅಳೆಯಬೇಕು. ಇಲ್ಲದಿದ್ದರೆ ಆಣ್ವಿಕ ತೂಕವೇ ತಪ್ಪು ಬರುತ್ತೆ. ಮೂರು, ಗಾಜಿನ ಬಾಟಲಿಯಿಂದ ಸೋಡಿಯಂ ಇಳಿಯುತ್ತೆ. ತೆಳು ದ್ರಾವಣಗಳನ್ನ ಪಾಲಿಪ್ರೊಪಿಲೀನ್‌ನಲ್ಲಿ ಇಡಿ.

ಕ್ಯಾಪಿಲರಿ
ಸ್ನಿಗ್ಧತೆಗೂ ಒಂದು ಸೇರಿಸ್ತೀನಿ. ಕ್ಯಾಪಿಲರಿ ವಿಸ್ಕೋಮೀಟರ್‌ನಲ್ಲಿ ಶಿಯರ್ ದರ (ದ್ರವದ ಪದರಗಳು ಒಂದರ ಮೇಲೊಂದು ಜಾರೋ ವೇಗ) ಸೆಕೆಂಡಿಗೆ 1000ದ ಹತ್ತಿರ ಇರಬಹುದು. ಉದ್ದ ಸರಪಳಿ, ಉಪ್ಪಿಲ್ಲದ ದ್ರಾವಣ ಅದಕ್ಕಿಂತ ಎಷ್ಟೋ ಕಡಿಮೆ ದರದಲ್ಲೇ ತೆಳುವಾಗೋಕೆ, ಅಂದರೆ ಹರಿವಿನಿಂದಲೇ ಸ್ನಿಗ್ಧತೆ ಕಳ್ಕೊಳ್ಳೋಕೆ, ಶುರು ಮಾಡುತ್ತೆ. ನೀರಿನ ದ್ರಾವಣ ತೆಳುವಾಗಿ, ಎಥನಾಲ್‌ನಲ್ಲಿ ಮುದುಡಿದ್ದು ತೆಳುವಾಗದೆ ಇದ್ದರೆ, ನೀವು ಕಾಣೋ ಇಳಿಕೆ ನಿಜಕ್ಕಿಂತ ಕಡಿಮೆ. ಕಡಿಮೆ ಶಿಯರ್ ರಿಯೋಮೀಟರ್ ಇದ್ದರೆ ಅದನ್ನೇ ಬಳಸಿ.

ಸರಪಳಿ_ಸಂಶಯ
ಒಂದು ಅನುಮಾನ. "ಉಪ್ಪಿಲ್ಲ" ಅಂತ ಹೇಳ್ತಿದೀವಿ, ಆದರೆ ಪಾಲಿಮರ್‌ನ ಸ್ವಂತ ಸೋಡಿಯಂ ಇದೆಯಲ್ಲ?

ಡೈಎಲೆಕ್ಟ್ರಿಕ್
ಇದೆ, ಅದನ್ನ ಲೆಕ್ಕಕ್ಕೆ ತಗೋಬೇಕು. ಲೀಟರಿಗೆ 1 ಗ್ರಾಂ ಸೋಡಿಯಂ ಪಾಲಿಅಕ್ರಿಲೇಟ್, ಮಾನೊಮರ್ ತೂಕ 94, ಅಂದರೆ 10.6 ಮಿಲಿಮೋಲಾರ್. ಅದರಲ್ಲಿ ಸ್ವತಂತ್ರ 35%, 3.7 ಮಿಲಿಮೋಲಾರ್. ಬರೀ ಪ್ರತಿ-ಅಯಾನುಗಳೇ ಇರೋದರಿಂದ ಅಯಾನು ಬಲ ಅದರ ಅರ್ಧ. ಡಿಬೈ ಉದ್ದ (ದ್ರಾವಣದಲ್ಲಿ ಒಂದು ಆವೇಶದ ಪ್ರಭಾವ ತಲುಪೋ ದೂರ) ಸುಮಾರು 7 ನ್ಯಾನೊಮೀಟರ್. 0.1 ಮೋಲಾರ್ ಉಪ್ಪಿನಲ್ಲಿ ಇದು 1 ನ್ಯಾನೊಮೀಟರ್‌ಗೂ ಸ್ವಲ್ಪ ಕಡಿಮೆ.

ಡಿಎನ್‌ಎ_ಬೆಂಚ್
ಬಿಸಿ ಮಾಡಿದರೆ ನೀರಿನ ಸ್ಥಿರಾಂಕ 100 ಡಿಗ್ರಿಯಲ್ಲಿ 56ಕ್ಕೆ ಇಳಿಯುತ್ತೆ. ಎಥನಾಲ್ ಹಾಕದೆ ಬಿಸಿ ಮಾಡಿಯೇ ಇದನ್ನ ಪರೀಕ್ಷೆ ಮಾಡಬಹುದಲ್ವಾ?

ಡೈಎಲೆಕ್ಟ್ರಿಕ್
ಆಗಲ್ಲ. ಬ್ಯೆರುಮ್ ಉದ್ದದಲ್ಲಿ ಸ್ಥಿರಾಂಕದ ಜೊತೆ ಉಷ್ಣಾಂಶವೂ ಛೇದದಲ್ಲಿದೆ. ಒಂದು ಇಳಿಯುತ್ತೆ, ಇನ್ನೊಂದು ಏರುತ್ತೆ. 0.71 ಇದ್ದದ್ದು 0.80 ಆಗುತ್ತೆ ಅಷ್ಟೇ. ಬಿಸಿಯಿಂದ ಬರೋ ಬದಲಾವಣೆ ಹೆಚ್ಚಾಗಿ ಬೆನ್ನೆಲುಬಿನ ಒಲವಿನದ್ದೇ. ಆ ಲೆಕ್ಕದಲ್ಲಿ ಬಿಸಿ ಉಪಯೋಗಕ್ಕೆ ಬರುತ್ತೆ, ಬೇರೆ ದಿಕ್ಕಿನಲ್ಲಿ.

ಸರಪಳಿ_ಸಂಶಯ
ಮಬ್ಬಾಗೋ ಬಿಂದು ಗುರುತಿಸೋಕೆ 600 ನ್ಯಾನೊಮೀಟರ್‌ನಲ್ಲಿ ಬೆಳಕಿನ ಹಾಯುವಿಕೆ ನೋಡಿದರೆ ಸಾಕಲ್ವಾ?

ಚದುರುಬೆಳಕು
ಸಾಕು, ಆದರೆ ಮಬ್ಬು ಪಾಲಿಮರ್‌ನದ್ದೇ ಅಂತ ಖಚಿತ ಮಾಡ್ಕೊಳ್ಳಿ. ತಯಾರಿಕೆಯಲ್ಲಿ ಪರ್‌ಸಲ್ಫೇಟ್ ಬಳಸಿದ್ದರೆ ಉಳಿದ ಸೋಡಿಯಂ ಸಲ್ಫೇಟ್ ಎಥನಾಲ್‌ನಲ್ಲಿ ಮೊದಲೇ ಹರಳಾಗುತ್ತೆ. ಹಳೇ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಬಳಸಿದರೆ ಗಾಳಿಯಿಂದ ಸೇರಿದ ಕಾರ್ಬೊನೇಟ್ ಕೂಡ ಹಾಗೇ. ಒಂದು ಹನಿ ತಗೊಂಡು ಅಡ್ಡ ಧ್ರುವಕಗಳ ನಡುವೆ ಸೂಕ್ಷ್ಮದರ್ಶಕದಲ್ಲಿ ನೋಡಿ: ಹೊಳೆಯುವ ಚೂಪು ಕಣ ಆದರೆ ಹರಳು, ಕಪ್ಪಾಗೇ ಉಳಿಯೋ ಗುಂಡು ಹನಿ ಆದರೆ ಪಾಲಿಮರ್ ಸಮೃದ್ಧ ಹಂತ.

ಕ್ಯಾಪಿಲರಿ
ಹೈಡ್ರಾಕ್ಸೈಡ್ ಅವತ್ತೇ ಕರಗಿಸಿ, ನೈಟ್ರೋಜನ್ ಅಡಿಯಲ್ಲಿ ಇಡಿ. ಲಿಥಿಯಂಗಂತೂ ಇನ್ನೂ ಮುಖ್ಯ, ಲಿಥಿಯಂ ಕಾರ್ಬೊನೇಟ್ ನೀರಲ್ಲೇ ಸರಿಯಾಗಿ ಕರಗಲ್ಲ. ಆ ಮಬ್ಬನ್ನ ನೋಡಿ "ಲಿಥಿಯಂ ಸರಪಳಿಯೂ ಕುಸಿಯಿತು" ಅಂತ ಬರೆದುಬಿಟ್ಟರೆ ಮೂರು ಪಾಲು ಮಾಡಿದ್ದೇ ವ್ಯರ್ಥ.

ಸರಪಳಿ_ಸಂಶಯ
ಹಾಗಾದರೆ ಮೊದಲ ಸುತ್ತು ಲಿಥಿಯಂ-ಸೋಡಿಯಂ, ಮೆಥನಾಲ್-ನೀರಿನಲ್ಲಿ, 10 ಮಿಲಿಮೋಲಾರ್. ಎರಡರ ವಾಹಕತೆಯನ್ನೂ ಜೊತೆಗೇ ಅಳೆದರೆ ಕುಸಿಯೋ ಮೊದಲೇ ಅಯಾನು ಕೂತಿತಾ, ಕುಸಿದ ಮೇಲೆ ಕೂತಿತಾ ಅನ್ನೋದು ಗೊತ್ತಾಗಬೇಕು.

ಡೈಎಲೆಕ್ಟ್ರಿಕ್
ವಾಹಕತೆಯಿಂದ ಮಿಶ್ರಣದ ಸ್ವಂತ ವಾಹಕತೆ ಕಳೆಯಿರಿ, ಮಿಶ್ರಣದ ಸ್ನಿಗ್ಧತೆಯಿಂದ ಗುಣಿಸಿ. ಇಲ್ಲದಿದ್ದರೆ ಮಿಶ್ರಣ ಮಂದವಾಗಿದ್ದಕ್ಕೆ ಅಯಾನು ನಿಧಾನ ಆಗಿದ್ದನ್ನೂ "ಸರಪಳಿ ಮೇಲೆ ಕೂತಿತು" ಅಂತ ಓದಿಬಿಡ್ತೀರಿ.